ಟುಂಡುರು ಜಿಲ್ಲೆ, ದಕ್ಷಿಣ ಟಾಂಜಾನಿಯಾ: ಗೇರುಬೀಜ, ತೊಗರಿ, ಆನೆದಾರಿ. ಗೊತ್ತಿದ್ದವರು ಬನ್ನಿ

ಗೇರುಗುಡ್ಡೆ
ಮಂಗಳೂರಿನ ಫ್ಯಾಕ್ಟರಿಗಳಿಗೆ ಟಾಂಜಾನಿಯಾದ ಕಚ್ಚಾ ಬೀಜ ಬರುವುದು ಹೊಸತೇನಲ್ಲ. ನಮ್ಮಲ್ಲಿ ಫೆಬ್ರವರಿಯಿಂದ ಮೇವರೆಗೆ ಕೊಯ್ಲು, ಅಲ್ಲಿ ಅಕ್ಟೋಬರಿನಿಂದ ಜನವರಿವರೆಗೆ. ಹಾಗಾಗಿ ಇಲ್ಲಿ ಮಾಲು ಮುಗಿದಾಗ ಅಲ್ಲಿಂದ ಬರ್ತದೆ. ಆದರೆ ಇಲ್ಲಿ ಎಲ್ಲದಕ್ಕೂ ಒಂದೇ ಹೆಸರು, ‘ಮ್ಟ್ವಾರ ಮಾಲು’. ಮ್ಟ್ವಾರ ಬಂದರಿನಿಂದ ಸುಮಾರು 400 ಕಿ.ಮೀ. ಒಳಗಿರುವ ಟುಂಡುರು ಜಿಲ್ಲೆಯ ಬೀಜವೂ ಅದರಲ್ಲೇ ಸೇರಿ ಹೋಗ್ತದೆ.

ನನ್ನ ಪ್ರಶ್ನೆ ಮೂರು. ಒಂದೇ ಜಿಲ್ಲೆಯ ಒಂದು ಲಾಟು 51 ಔಟ್‌ಟರ್ನ್ ಕೊಟ್ಟರೆ ಇನ್ನೊಂದು 46ಕ್ಕೆ ಇಳಿಯುವುದು ಯಾಕೆ? ಅಲ್ಲಿಯ ಜನ ಗೇರು ಬಿಟ್ಟರೆ ಬೇರೆ ಏನರಲ್ಲಿ ಬದುಕ್ತಾರೆ? ಗೇರುತೋಟ ಹೆಚ್ಚಾದ್ದರಿಂದ ಆನೆಗಳ ದಾರಿ ಮುಚ್ಚಿ ಹೋಗ್ತಾ ಉಂಟು ಅನ್ನುವ ಮಾತು ನಿಜವಾ? ‘ಆಫ್ರಿಕಾ ಅಂದ್ರೆ ಹಾಗೇ’ ಅನ್ನುವ ಉತ್ತರ ಬೇಡ ಮಾರಾಯ್ರೆ. ವಿವರ ಬೇಕು.

ನಕ್ಷೆನೋಟ
ಮೊದಲು ಜಾಗ ಎಲ್ಲಿದೆ ಅಂತ ಹೇಳ್ತೀನಿ. ಟುಂಡುರು ಇರೋದು ರುವುಮಾ ಪ್ರಾಂತ್ಯದಲ್ಲಿ, ಮ್ಟ್ವಾರ ಪ್ರಾಂತ್ಯದಲ್ಲಲ್ಲ. ದಕ್ಷಿಣಕ್ಕೆ ರುವುಮಾ ನದಿ, ಅದರಾಚೆ ಮೊಜಾಂಬಿಕ್‌ನ ನಿಯಾಸಾ ಪ್ರಾಂತ್ಯ. ಪೂರ್ವಕ್ಕೆ ನನ್ಯುಂಬು, ಪಶ್ಚಿಮಕ್ಕೆ ನಮ್ಟುಂಬೊ, ಉತ್ತರಕ್ಕೆ ಲಿವಾಲೆ ಮತ್ತು ಸೆಲೂ ಕಾಡು. ವಿಸ್ತೀರ್ಣ ಸುಮಾರು 18,700 ಚದರ ಕಿ.ಮೀ. 2012ರ ಜನಗಣತಿಯಲ್ಲಿ 3 ಲಕ್ಷಕ್ಕೆ ಸ್ವಲ್ಪ ಕಡಿಮೆ ಜನ, 2022ರಲ್ಲಿ 4 ಲಕ್ಷ ದಾಟಿದೆ. ಯಾವೊ ಜನ ಹೆಚ್ಚು, ಜೊತೆಗೆ ಮಕುವಾ, ಮಕೊಂಡೆ, ಎನ್‌ಡೆಂಡೆವುಲೆ.

ಪಟ್ಟಣ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಇದು ಗೇರಿನ ಮಟ್ಟಿಗೆ ಮುಖ್ಯ. ಕರಾವಳಿಗಿಂತ ಇಲ್ಲಿ ಜೂನ್-ಆಗಸ್ಟ್ ರಾತ್ರಿಗಳು ತಂಪು, ಬೆಳಗ್ಗೆ ಇಬ್ಬನಿ. ಮಳೆಗಾಲ ಒಂದೇ, ನವೆಂಬರ್ ಕೊನೆ ಅಥವಾ ಡಿಸೆಂಬರಿನಿಂದ ಏಪ್ರಿಲ್ ತನಕ. ಉಳಿದ ತಿಂಗಳೆಲ್ಲ ಒಣ ಹವೆ, ಕಾಡ್ಗಿಚ್ಚು.

ದಾರ್‌ಕನ್ನಡಿಗ
ಸೇರಿಸಿಕೊಳ್ಳಿ: ಮ್ಟ್ವಾರ, ಮಸಾಸಿ, ಟುಂಡುರು, ಸೊಂಗೆಯಾ ಪೂರ್ತಿ ಈಗ ಡಾಂಬರು ರಸ್ತೆ. ಮೊದಲು ಮಂಗಾಕದಿಂದ ಟುಂಡುರು ದಾಟಿ ನಮ್ಟುಂಬೊವರೆಗೆ ಮಣ್ಣಿನ ದಾರಿ ಇತ್ತು, ಮಳೆ ಹಿಡಿದರೆ ಲಾರಿ ದಿನಗಟ್ಟಲೆ ಹೂತು ನಿಲ್ತಿತ್ತು. ಬೀಜ ನೆನೆಯೋದಕ್ಕೆ ಅದೂ ಒಂದು ಕಾರಣ ಆಗಿತ್ತು. ಈಗ ಮುಖ್ಯ ರಸ್ತೆ ಸರಿಯಾಗಿದೆ, ಹಳ್ಳಿಯಿಂದ ಮುಖ್ಯ ರಸ್ತೆಗೆ ಬರುವ ದಾರಿಗಳು ಹಾಗೇ ಇವೆ. ನಲಾಸಿ, ಲುಕುಂಬುಲೆ ಕಡೆಯ ದಕ್ಷಿಣದ ಹಳ್ಳಿಗಳ ಮಾಲು ಡಿಸೆಂಬರ್ ನಂತರ ಬಂದರೆ ತೇವ ಜಾಸ್ತಿ ಇರುತ್ತೆ ಅಂತಲೇ ಲೆಕ್ಕ ಹಾಕಿ.

ಸುಮ್ನೆಓದುಗ
ಎಲ್ಲಾ ಸರಿ, ಔಟ್‌ಟರ್ನ್ ಅಂದ್ರೇನು? ಗೋಡಂಬಿ ತಿನ್ನೋದು ಮಾತ್ರ ಗೊತ್ತು.

ಕುಡ್ಲಕಟಿಂಗ್
80 ಕಿಲೋ ಕಚ್ಚಾ ಬೀಜದಲ್ಲಿ ಎಷ್ಟು ಪೌಂಡ್ ತಿರುಳು ಸಿಗ್ತದೆ ಅನ್ನುವ ಲೆಕ್ಕ. ವ್ಯಾಪಾರವೆಲ್ಲ ಅದರ ಮೇಲೆಯೇ ನಡೆಯುವುದು. ಇದಕ್ಕೆ ಮಾಡುವುದು ಕಟಿಂಗ್ ಟೆಸ್ಟ್, ಕ್ರಮ ಹೀಗೆ.

ಮೊದಲು ಮಾದರಿ. ಚೀಲದ ರಾಶಿಯ ಮೇಲಿನ ಸಾಲಿನಿಂದ ಮಾತ್ರ ತೆಗೆದರೆ ಆ ಟೆಸ್ಟಿಗೆ ಬೆಲೆಯೇ ಇಲ್ಲ. ಮೇಲೆ, ನಡುವೆ, ಅಡಿ, ಗೋಡೆ ಬದಿ, ಎಲ್ಲ ಕಡೆಯಿಂದ ಬೇಕು. ಎಲ್ಲವನ್ನೂ ಟಾರ್ಪಾಲಿನ ಮೇಲೆ ಸುರಿದು ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಟ್ಟು ಉಳಿದದ್ದನ್ನು ಮತ್ತೆ ಕಲಸಿ, ಕೊನೆಗೆ 1 ಕಿಲೋಗೆ ಇಳಿಸಬೇಕು. ಆ 1 ಕಿಲೋದಲ್ಲಿ ಎಷ್ಟು ಬೀಜ ಅಂತ ಎಣಿಸಿ. ಟಾಂಜಾನಿಯಾದ ಒಳ್ಳೆಯ ಮಾಲಿನಲ್ಲಿ 180ರಿಂದ 210. ಅದಕ್ಕಿಂತ ಹೆಚ್ಚಾದರೆ ಬೀಜ ಸಣ್ಣದು.

ನಂತರ ಒಂದೊಂದನ್ನೂ ಉದ್ದಕ್ಕೆ ಸೀಳಿ. ಒಳ್ಳೆಯ ತಿರುಳನ್ನು ಕೆಂಪು ಪೊರೆ ಸಮೇತ ತೂಗಿ, ಆ ತೂಕ ಪೂರ್ತಿ ಲೆಕ್ಕಕ್ಕೆ. ಚುಕ್ಕೆ ಬಿದ್ದದ್ದು, ಬಲಿಯದೆ ಮುರುಟಿದ್ದು ಅರ್ಧ ತೂಕ. ಕೊಳೆತದ್ದು, ಹುಳ ಹಿಡಿದದ್ದು, ಟೊಳ್ಳು ಸೊನ್ನೆ. ಒಟ್ಟು ಗ್ರಾಂ ಅನ್ನು 0.1764ರಿಂದ ಗುಣಿಸಿ. ಒಳ್ಳೆಯದು 280 ಗ್ರಾಂ, ಚುಕ್ಕೆಯದು 20 ಗ್ರಾಂ ಅಂತಿಟ್ಟುಕೊಂಡರೆ 280 + 10 = 290, ಔಟ್‌ಟರ್ನ್ 51. ಇನ್ನೊಂದು ಲಾಟಿನಲ್ಲಿ ಒಳ್ಳೆಯದು 245, ಚುಕ್ಕೆಯದು 32 ಆದರೆ 261, ಅಂದರೆ 46. ಗೇರುಗುಡ್ಡೆಯವರು ಕೇಳಿದ ವ್ಯತ್ಯಾಸ ಇಷ್ಟೇ: ಕಿಲೋಗೆ 35 ಗ್ರಾಂ ಒಳ್ಳೆಯ ತಿರುಳು ಕಡಿಮೆ.

ಗೇರುಗುಡ್ಡೆ
ಲೆಕ್ಕ ಸರಿ. ಆ 35 ಗ್ರಾಂ ಎಲ್ಲಿ ಹೋಯ್ತು ಅನ್ನುವುದೇ ಪ್ರಶ್ನೆ.

ಗಿಡದಡಾಕ್ಟ್ರು
ಎರಡು ಕಡೆ ಹೋಗುತ್ತೆ. ಒಂದು ಮರದ ಮೇಲೆ, ಇನ್ನೊಂದು ನೆಲದ ಮೇಲೆ.

ಮರದ ಮೇಲೆ ಅಂದರೆ ಬೂದಿರೋಗ. ನಮ್ಮ ಕರಾವಳಿಯಲ್ಲಿ ಗೇರಿಗೆ ದೊಡ್ಡ ಶತ್ರು ಟೀ ಸೊಳ್ಳೆ ಅನ್ನುವ ರಸ ಹೀರುವ ಕೀಟ. ಅಲ್ಲಿ ಅದೂ ಇದೆ, ಆದರೆ ಮೊದಲ ಸ್ಥಾನ ಬೂದಿರೋಗಕ್ಕೆ. 1970ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಕಾಣಿಸಿಕೊಂಡಿತು. ಚಿಗುರು ಮತ್ತು ಹೂಗೊಂಚಲಿನ ಮೇಲೆ ಬಿಳಿ ಪುಡಿ ಕೂತು, ಹೂ ಅರಳುವ ಮೊದಲೇ ಕಪ್ಪಾಗಿ ಉದುರುತ್ತೆ. ತಡವಾಗಿ ತಗುಲಿದರೆ ಕಾಯಿ ಕಚ್ಚುತ್ತೆ, ಆದರೆ ಬೀಜ ಸಣ್ಣದಾಗಿ ಮುರುಟುತ್ತೆ. ಈ ಮುರುಟಿದ ಬೀಜವೇ ಕಟಿಂಗ್ ಟೆಸ್ಟಿನಲ್ಲಿ ಅರ್ಧ ತೂಕದ ಪಾಲಿಗೆ ಹೋಗೋದು.

ಔಷಧ ಗಂಧಕದ ಪುಡಿ. ಬೆನ್ನಿಗೆ ಕಟ್ಟುವ ಎಂಜಿನ್ ಡಸ್ಟರಿನಲ್ಲಿ ಮರಕ್ಕೆ ಒಂದು ಸುತ್ತಿಗೆ 250 ಗ್ರಾಂ, ಎರಡು-ಮೂರು ವಾರಕ್ಕೊಮ್ಮೆ, ಒಟ್ಟು ನಾಲ್ಕೈದು ಸುತ್ತು. 12 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 28 ಮರ, ಅಂದರೆ ಐದು ಸುತ್ತಿಗೆ 35 ಕಿಲೋ. 25 ಕಿಲೋ ಚೀಲ ಒಂದೂವರೆ ಬೇಕು. ಶುರು ಮಾಡಬೇಕಾದ್ದು ಚಿಗುರಿನಲ್ಲಿ ನೂರಕ್ಕೆ ಐದರಷ್ಟು ರೋಗ ಕಂಡಾಗ. ಗೊಂಚಲೆಲ್ಲ ಬೆಳ್ಳಗಾದ ಮೇಲೆ ಹೊಡೆದರೆ ಗಂಧಕ ದಂಡ. ಹೊತ್ತು ಹುಟ್ಟುವ ಮುಂಚೆ ಗಾಳಿಯಿಲ್ಲದಾಗ ಹೊಡೆಯಬೇಕು, ಇಬ್ಬನಿಗೆ ಪುಡಿ ಅಂಟಿಕೊಳ್ಳುತ್ತೆ. ಎಂಟು ಗಂಟೆ ಮೇಲೆ ಗಾಳಿ ಎದ್ದರೆ ಪುಡಿಯೆಲ್ಲ ಪಕ್ಕದವರ ತೋಟಕ್ಕೆ.

ಕುಡ್ಲಕಟಿಂಗ್
ನೀರಿನಲ್ಲಿ ಕಲಸುವ ಶಿಲೀಂಧ್ರನಾಶಕವೂ ಉಂಟಲ್ಲ?

ಗಿಡದಡಾಕ್ಟ್ರು
ಇದೆ. ಹೆಕ್ಸಾಕೊನಜೋಲ್, ಟ್ರಯಾಡಿಮೆನಾಲ್. ಮರಕ್ಕೆ 10ರಿಂದ 15 ಮಿ.ಲೀ., 21 ದಿನಕ್ಕೊಮ್ಮೆ, ಮೂರು ಸುತ್ತು. ಗಾಳಿಯ ಕಾಟ ಕಡಿಮೆ, ಆದರೆ ನೀರು ಹೊರಬೇಕು. ಆಗಸ್ಟಿನಲ್ಲಿ ಟುಂಡುರುವಿನ ಎಷ್ಟೋ ಹಳ್ಳಿಗಳಲ್ಲಿ ಕುಡಿಯುವ ನೀರಿಗೇ ದೂರ ಹೋಗಬೇಕು, ಮರಕ್ಕೆ ಲೀಟರುಗಟ್ಟಲೆ ಎಲ್ಲಿಂದ ತರೋದು? ಅದಕ್ಕೇ ಗಂಧಕ ಇನ್ನೂ ಓಡ್ತಿದೆ. ಅದರ ಕೆಟ್ಟ ಪರಿಣಾಮವೂ ಇದೆ: ವರ್ಷವರ್ಷ ಹೊಡೆದು ಮೊದಲೇ ಹುಳಿಯಾಗಿರುವ ಮರಳು ಮಣ್ಣು ಇನ್ನೂ ಹುಳಿಯಾಗುತ್ತೆ.

ಹೊಡೆಯೋದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಬಹಳ ಜನ ಮಾಡಲ್ಲ. ಮಳೆಗಾಲದಲ್ಲಿ ರೋಗ ಉಳಿಯೋದು ಮರದ ಒಳಗೆ ನೆರಳಿನಲ್ಲಿ ಎದ್ದಿರುವ ಎಳೆ ಚಿಗುರಿನ ಮೇಲೆ. ಹೂ ಬರುವ ಮೊದಲೇ ಅದನ್ನು ಸವರಿ ತೆಗೆದರೆ ರೋಗ ತಡವಾಗಿ ಶುರುವಾಗುತ್ತೆ, ಒಂದು ಸುತ್ತು ಗಂಧಕ ಉಳಿಯುತ್ತೆ. ಹಳೆ ತೋಟಗಳಲ್ಲಿ ಕೊಂಬೆಗೆ ಕೊಂಬೆ ತಾಗಿರುತ್ತೆ. ಅಲ್ಲಿ ಗಾಳಿ-ಬೆಳಕಿಲ್ಲ, ಎಷ್ಟು ಹೊಡೆದರೂ ಅಷ್ಟೇ. ಮ್ಟ್ವಾರ ಹತ್ತಿರದ ನಲಿಯೆಂಡೆಲೆ ಸಂಶೋಧನಾ ಕೇಂದ್ರದವರು ಮರ ತೆಳು ಮಾಡಿ, ಕಸಿ ಗಿಡ ಹಾಕಿ ಅಂತ ಹೇಳ್ತಾನೇ ಬಂದಿದ್ದಾರೆ.

ದಾರ್‌ಕನ್ನಡಿಗ
ರೋಗವೊಂದೇ ಕಾರಣ ಅಂತ ಬರೆದರೆ ಚರಿತ್ರೆ ತಪ್ಪುತ್ತೆ. ಟಾಂಜಾನಿಯಾದ ಗೇರು 1973-74ರಲ್ಲಿ 1.45 ಲಕ್ಷ ಟನ್ ಮುಟ್ಟಿತ್ತು. 80ರ ದಶಕದ ನಡುವಿಗೆ 20 ಸಾವಿರಕ್ಕಿಂತ ಕೆಳಗೆ ಬಿತ್ತು. ಬೂದಿರೋಗ ಬರುವ ಮೊದಲೇ ಇಳಿಕೆ ಶುರುವಾಗಿತ್ತು. ಉಜಾಮಾ (ಸರ್ಕಾರದ ಸಮಾಜವಾದಿ ಗ್ರಾಮ ಯೋಜನೆ) ಕಾಲದಲ್ಲಿ ಜನರನ್ನು ರಸ್ತೆ ಬದಿಯ ಹೊಸ ಹಳ್ಳಿಗಳಿಗೆ ಸಾಗಿಸಿದರು, ಮರಗಳು ಹಿಂದೆ ಉಳಿದವು. ಸರ್ಕಾರಿ ಖರೀದಿ ಬೆಲೆ ಕಡಿಮೆ, ಕಸ ತೆಗೆಯೋರಿಲ್ಲ, ಬೆಂಕಿ ಬಿದ್ದು ಮರ ಸುಟ್ಟವು. ಆಮೇಲೆ ರೋಗ. ಏರಿಕೆಯೂ ಹಾಗೇ: ಬೆಲೆ ಬಂತು, ಗಂಧಕ ಬಂತು, 2017-18ರಲ್ಲಿ 3 ಲಕ್ಷ ಟನ್ ದಾಟಿತು. 2024-25ರಲ್ಲಿ 5 ಲಕ್ಷವೂ ದಾಟಿದೆ.

ಗಿಡದಡಾಕ್ಟ್ರು
ರೋಗವೊಂದೇ ಅಂತ ನಾನು ಬರೆದಿಲ್ಲ. ಔಟ್‌ಟರ್ನ್ ಬಗ್ಗೆ ಬರೆದೆ, ಒಟ್ಟು ಟನ್ನಿನ ಬಗ್ಗೆ ಅಲ್ಲ. ನೆಲದ ಮೇಲಿನ ನಷ್ಟ ಹೇಳಿ ಮುಗಿಸ್ತೀನಿ.

ಬೀಜವನ್ನು ಮರದಿಂದ ಕೀಳಬಾರದು, ಹಣ್ಣು ತಾನಾಗಿ ಬೀಳಬೇಕು. ಬಿದ್ದದ್ದನ್ನು ದಿನ ಬಿಟ್ಟು ದಿನವಾದರೂ ಆರಿಸಬೇಕು. ತಿರುಚಿ ಬಿಡಿಸುವಾಗ ಹಣ್ಣಿನ ಮಾಂಸ ಅಂಟಿದ್ದರೆ ಅಲ್ಲಿಂದಲೇ ಬೂಸ್ಟು ಶುರು. ನಂತರ ಟಾರ್ಪಾಲ್ ಅಥವಾ ಚಾಪೆ ಮೇಲೆ ಎರಡು-ಮೂರು ದಿನ ಬಿಸಿಲು, ನಡುನಡುವೆ ಕೈಯಾಡಿಸಬೇಕು. ಬರಿ ನೆಲದ ಮೇಲೆ ಹರಡಿದರೆ ರಾತ್ರಿ ತೇವ ವಾಪಸ್ ಎಳ್ಕೊಳ್ಳುತ್ತೆ. ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು, ಅಲುಗಿಸಿದರೆ ಒಳಗೆ ಗಲಗಲ ಅನ್ನಬೇಕು. ಟುಂಡುರುವಿನಲ್ಲಿ ಮಳೆ ನವೆಂಬರ್ ಕೊನೆಗೇ ಬಂದ ವರ್ಷ, ಬಿದ್ದ ಬೀಜ ನೆಲದ ಮೇಲೆ ಎರಡು ದಿನ ನೆನೆದರೆ ತಿರುಳಿಗೆ ಚುಕ್ಕೆ ಗ್ಯಾರಂಟಿ. 51ರ ಲಾಟು ಅಕ್ಟೋಬರ್-ನವೆಂಬರಿನದು, 46ರದ್ದು ಮಳೆ ನಂತರದ್ದು. ಹತ್ತಕ್ಕೆ ಎಂಟು ಸಲ ಉತ್ತರ ಇದೇ.

ಕುಡ್ಲಕಟಿಂಗ್
ಉಳಿದ ಎರಡು ಸಲದ್ದು ಹಡಗಿನಲ್ಲಿ. ಲೋಡ್ ಮಾಡುವಾಗ ತೇವ ಶೇ. 8ರ ಆಸುಪಾಸು ಇದ್ದರೆ ತೊಂದರೆ ಇಲ್ಲ. ಶೇ. 10 ದಾಟಿದ್ದನ್ನು ಕಂಟೇನರಿನಲ್ಲಿ ಮುಚ್ಚಿದರೆ ಹಗಲು-ರಾತ್ರಿ ಬಿಸಿ-ತಂಪಿಗೆ ಒಳಗೆ ಬೆವರಿ, ಛಾವಣಿಯ ನೀರು ಮೇಲಿನ ಸಾಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಒಳಗೋಡೆಗೆ ಕ್ರಾಫ್ಟ್ ಪೇಪರ್ ಹೊದೆಸಿ, ತೇವ ಹೀರುವ ಚೀಲ ತೂಗುಹಾಕಲೇಬೇಕು. ಚೀಲ ಸೆಣಬಿನದ್ದೇ ಆಗಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಉಸಿರಾಡಲು ದಾರಿ ಇಲ್ಲ, ಬೂಸ್ಟು ಒಳಗಿನಿಂದಲೇ ಎದ್ದು ಬರ್ತದೆ. ಸೀಸನ್ ಶುರುವಾಗುವಾಗ ಅಲ್ಲಿ ಸೆಣಬಿನ ಚೀಲದ ಕೊರತೆ ಆದರೆ ಮೊದಲು ಕೆಡುವುದು ಒಳನಾಡಿನ ಮಾಲು. ಚೀಲ ಬರುವ ತನಕ ಮನೆ ಮೂಲೆಯಲ್ಲಿ ರಾಶಿ.

ಸುಮ್ನೆಓದುಗ
ರೈತನ ಹತ್ರ ನೇರ ಹೋಗಿ ಒಳ್ಳೆ ಬೀಜ ಆರಿಸಿ ತಗೊಂಡ್ರೆ ಮುಗೀತಲ್ಲ?

ದಾರ್‌ಕನ್ನಡಿಗ
ಮುಗಿಯೋದು ನಿಮ್ಮ ಲೈಸೆನ್ಸು. ಹಳ್ಳಿಯಲ್ಲಿ ಕಚ್ಚಾ ಬೀಜ ನೇರ ಕೊಳ್ಳೋದು ಕಾನೂನುಬಾಹಿರ, ಅದಕ್ಕೆ ಕಂಗೊಂಬ ಅಂತಾರೆ. ಜುಲೈ-ಆಗಸ್ಟಿನಲ್ಲಿ ಮನೆಯಲ್ಲಿ ದುಡ್ಡಿಲ್ಲದಾಗ ಮಧ್ಯವರ್ತಿ ಮುಂಗಡ ಕೊಟ್ಟು, ಕೊಯ್ಲಿನಲ್ಲಿ ಅರ್ಧ ಬೆಲೆಗೆ ಬಟ್ಟಲಿನಲ್ಲಿ ಅಳೆದು ಒಯ್ಯೋದು. ಹಿಡಿದರೆ ಮಾಲು ಜಪ್ತಿ.

ಕಾನೂನಿನ ದಾರಿ 2007ರಿಂದ ಜಾರಿಯಲ್ಲಿರುವ ಗೋದಾಮು ರಶೀದಿ ಪದ್ಧತಿ. ರೈತ ಹಳ್ಳಿಯ ಪ್ರಾಥಮಿಕ ಸಂಘಕ್ಕೆ ತೂಗಿ ಕೊಡ್ತಾನೆ, ಅಲ್ಲೇ ಒಂದನೇ ದರ್ಜೆ, ಕೆಳದರ್ಜೆ ಬೇರೆ ಮಾಡಿ ರಶೀದಿ. ಅಲ್ಲಿಂದ ದೊಡ್ಡ ಗೋದಾಮು, ಮಾದರಿ ಪರೀಕ್ಷೆ, ಹರಾಜು. ಟುಂಡುರುವಿನಲ್ಲಿ ಹರಾಜು ನಡೆಸೋದು ಟಾಮ್ಕು ಅನ್ನುವ ಜಿಲ್ಲಾ ಸಹಕಾರ ಒಕ್ಕೂಟ. 2024ರಿಂದ ಬಿಡ್ ಹಾಕೋದು ಸರಕು ವಿನಿಮಯ ಕೇಂದ್ರದ ಆನ್‌ಲೈನ್ ವ್ಯವಸ್ಥೆಯಲ್ಲಿ. ಬೆಲೆ ಓದಿ ಹೇಳಿದ ಮೇಲೆ ನೆರೆದ ರೈತರು ಒಪ್ಪಬೇಕು, ಬೇಡ ಅಂದರೆ ಆ ದಿನ ಮಾರಾಟ ಇಲ್ಲ. ಒಪ್ಪಿದರೆ ಹಣ ಬ್ಯಾಂಕ್ ಖಾತೆಗೆ. ಸಂಘದ ಕಮಿಷನ್, ಒಕ್ಕೂಟದ ಪಾಲು, ಸಾಗಣೆ, ಗೋದಾಮು ಬಾಡಿಗೆ, ಜಿಲ್ಲಾ ಮಂಡಳಿಯ ಶೇ. 3 ಬೆಳೆ ಸುಂಕ, ಎಲ್ಲ ಕಳೆದು ಉಳಿದದ್ದು ರೈತನಿಗೆ.

ತೊಗರಿಕಣಜ
ನಮ್ಮ ಕಡೀ ಎಪಿಎಂಸಿ ಹಂಗೇ ಅದಲ್ರಿ. ಕಮಿಷನ್, ತೂಕ, ಹಮಾಲಿ ಕಳದು ಉಳದದ್ದು ರೈತಗ.

ದಾರ್‌ಕನ್ನಡಿಗ
ಒಂದು ವ್ಯತ್ಯಾಸ ಇದೆ ಸಾರ್. ಇಲ್ಲಿ ರೈತ ಮಾಲು ಕೊಟ್ಟು ವಾರಗಟ್ಟಲೆ ಕಾಯ್ತಾನೆ. 2018ರಲ್ಲಿ ಹರಾಜಿನ ಬೆಲೆ ತೀರ ಕಡಿಮೆ ಅಂತ ಆಗಿನ ಅಧ್ಯಕ್ಷ ಮಗುಫುಲಿ ಖಾಸಗಿ ಖರೀದಿ ನಿಲ್ಲಿಸಿ, ಸೈನ್ಯದ ಲಾರಿ ಇಳಿಸಿ, ಕಿಲೋಗೆ 3,300 ಶಿಲ್ಲಿಂಗ್‌ಗೆ ಸರ್ಕಾರವೇ ಕೊಳ್ಳುತ್ತೆ ಅಂದರು. ಬೆಲೆ ಚೆನ್ನಾಗಿತ್ತು. ಹಣ ಎಷ್ಟೋ ರೈತರಿಗೆ ತಿಂಗಳುಗಟ್ಟಲೆ ಬರಲಿಲ್ಲ. ಮುಂದಿನ ಸೀಸನ್ನಿಗೆ ಗಂಧಕ ಕೊಳ್ಳೋಕೆ ದುಡ್ಡಿಲ್ಲ, ಇಳುವರಿ ಬಿತ್ತು. ಒಳ್ಳೆ ಬೆಲೆಗಿಂತ ಹೊತ್ತಿಗೆ ಬರುವ ಹಣ ಮುಖ್ಯ ಅನ್ನೋದು ನನ್ನ ಅಭಿಪ್ರಾಯ.

ಗೇರುಗುಡ್ಡೆ
ಒಪ್ಪುವುದಿಲ್ಲ. ಆ ಬೆಲೆ ಘೋಷಣೆ ಆಗದಿದ್ದರೆ ಅದಕ್ಕಿಂತ ಎಷ್ಟೋ ಕಡಿಮೆಗೆ ಮಾರಬೇಕಿತ್ತು. ತಡವಾದರೂ ಹೆಚ್ಚು ಬಂತಲ್ಲ.

ದಾರ್‌ಕನ್ನಡಿಗ
ತಡವಾದ ಆರು ತಿಂಗಳಲ್ಲಿ ಕಂಗೊಂಬದವನ ಹತ್ರ ಮಾಡಿದ ಸಾಲ ಯಾರು ತೀರಿಸ್ತಾರೆ?

ತೊಗರಿಕಣಜ
ಗೇರಿನ ಮಾತು ಸಾಕ್ರಿ, ತೊಗರಿ ಬಗ್ಗೆ ಯಾರೂ ಹೇಳವಲ್ರಿ. ಮ್ಟ್ವಾರ, ಲಿಂಡಿ, ರುವುಮಾ ಕಡೀ ಮಂದಿ ಮೆಕ್ಕೆಜೋಳದಾಗ ತೊಗರಿ ಅಕ್ಕಡಿ ಹಾಕ್ತಾರ. ಅವರು ಅದನ್ನ ತಿನ್ನೂದು ಕಡಿಮಿ, ಬೆಳ್ಯೂದು ಭಾರತಕ್ಕ ಮಾರಾಕ. ಮುಂಬೈ ಪ್ಯಾಟ್ಯಾಗ ‘ಮಟ್ವಾರಾ ತುರ್’ ಅಂತ ರೇಟ್ ಬರೂದು ಅದೇ ಮಾಲಿಂದು.

ಡಿಸೆಂಬರ್-ಜನವರಿದಾಗ ಬಿತ್ತತಾರ, ಜುಲೈಯಿಂದ ಸೆಪ್ಟೆಂಬರ್‌ದಾಗ ಕೊಯ್ತಾರ. ಉದ್ದ ಅವಧಿ ತಳಿ. ಮೆಕ್ಕೆಜೋಳ ತಗದ ಮ್ಯಾಲ ನೆಲದಾಗಿನ ಉಳದ ಹಸಿಮ್ಯಾಲ ಬೆಳೀತದ. ಸೊರಗು ರೋಗ ತಡಿಯೂ ತಳಿ ಹೈದರಾಬಾದ್ ಹತ್ರದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವ್ರು ಕೊಟ್ಟಾರ, ಅಲ್ಲಿ ಅದಕ್ಕ ಮಾಲಿ ಅಂತ ಹೆಸರು. ನಮ್ಮ ಕಲಬುರಗಿ ರಾಶಿ ಡಿಸೆಂಬರ್-ಜನವರಿಗೆ. ಅವರ ಮಾಲು ಅದಕ್ಕ ಮುಂಚೆನೇ ಬಂದರಿಗೆ ಬಂದು ಕುಂತಿರ್ತದ, ಇಲ್ಲಿ ರೇಟು ಬೀಳ್ತದ. ಇದು ನಮ್ಮ ಹೊಟ್ಟೀ ಮ್ಯಾಲ ಹೊಡ್ಯೂ ವ್ಯಾಪಾರ.

ದಾರ್‌ಕನ್ನಡಿಗ
ಹೊಡೆತ ಆ ಕಡೆಗೂ ಬಿದ್ದಿದೆ ಸಾರ್. 2017ರ ಆಗಸ್ಟಿನಲ್ಲಿ ಭಾರತ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಅವರ ಬೆಳೆ ಆಗ ಕಣದಲ್ಲಿತ್ತು. ದಕ್ಷಿಣ ಟಾಂಜಾನಿಯಾದಲ್ಲಿ ಕೊಳ್ಳೋರೇ ಇಲ್ಲದೆ ಬೆಲೆ ನೆಲಕ್ಕೆ ಬಿತ್ತು. ಬೇರೆ ದೇಶದಲ್ಲಿ ಆ ಪ್ರಮಾಣದಲ್ಲಿ ತೊಗರಿ ತಿನ್ನೋರು ಎಲ್ಲಿದ್ದಾರೆ? 2021ರಲ್ಲಿ ಆಮದು ಮುಕ್ತವಾದ ಮೇಲೆ ಮತ್ತೆ ಚೇತರಿಕೆ. ಈಗ ಟುಂಡುರುವಿನಲ್ಲಿ ತೊಗರಿ, ಎಳ್ಳು ಕೂಡ ಟಾಮ್ಕು ಹರಾಜಿಗೇ ಬರುತ್ತೆ.

ತೊಗರಿಕಣಜ
ಅವರ ರೈತರ ಬಗ್ಗೆ ನನಗ ಸಿಟ್ಟಿಲ್ಲರಿ. ದಿಲ್ಲ್ಯಾಗ ಒಂದು ಕಾಗದ ಹೊಂಟ್ರ ಕಲಬುರಗಿದವ್ರೂ ಕೆಡ್ತಾರ, ಟುಂಡುರುದವ್ರೂ ಕೆಡ್ತಾರ. ಬಿತ್ತೂ ಮುಂಚೆ ಹೇಳ್ರಿ ಅಂತ ಇಬ್ಬರದೂ ಕೇಳಿಕಿ.

ಹರಳುಪೆಟ್ಟಿಗೆ
ಟುಂಡುರು ಅಂದರೆ ರತ್ನದ ವ್ಯಾಪಾರದವರಿಗೆ ಗೇರೂ ಅಲ್ಲ, ತೊಗರಿಯೂ ಅಲ್ಲ. 1990ರ ದಶಕದ ನಡುವೆ ಮುಹುವೆಸಿ ನದಿಯ ಮೆಕ್ಕಲು ಜಲ್ಲಿಯಲ್ಲಿ ನೀಲ, ಕ್ರೈಸೊಬೆರಿಲ್, ಅಲೆಕ್ಸಾಂಡ್ರೈಟ್, ಸ್ಪಿನೆಲ್, ಬಣ್ಣ ಬದಲಿಸುವ ಗಾರ್ನೆಟ್ ಸಿಕ್ಕಿ ಸಾವಿರಾರು ಜನ ನುಗ್ಗಿದರು. ಥಾಯ್ಲೆಂಡ್, ಶ್ರೀಲಂಕಾದ ಖರೀದಿದಾರರು ಪಟ್ಟಣದಲ್ಲೇ ಮೇಜು ಹಾಕಿ ಕೂತರು. 1998ರಲ್ಲಿ ಮಡಗಾಸ್ಕರ್‌ನ ಇಲಕಾಕಾದಲ್ಲಿ ನೀಲ ಸಿಕ್ಕ ಸುದ್ದಿ ಬಂದದ್ದೇ ತಡ, ಮೇಜುಗಳೆಲ್ಲ ಅಲ್ಲಿಗೆ ಹೊರಟವು. ಸಣ್ಣ ಮಟ್ಟದ ಅಗೆತ ಮಾತ್ರ ಈಗಲೂ ಇದೆ.

ಕೆಲಸ ಸುಲಭವಲ್ಲ. ಮೇಲಿನ ಮಣ್ಣು ತೆಗೆದು ಜಲ್ಲಿ ಪದರ ಮುಟ್ಟಬೇಕು, ನದಿ ಪಕ್ಕವಾದ್ದರಿಂದ ಹೊಂಡಕ್ಕೆ ನೀರು ಜಿನುಗುತ್ತೆ, ಪಂಪಿಗೆ ಡೀಸೆಲ್. ಜಲ್ಲಿಯನ್ನು ಜರಡಿಯಲ್ಲಿ ನೀರಿಗೆ ಅದ್ದಿ ಗಿರಗಿರ ತಿರುಗಿಸಿದರೆ ಭಾರದ ಹರಳು ನಡುವಿಗೆ ಇಳಿಯುತ್ತೆ. ಜರಡಿಯನ್ನು ಒಂದೇ ಏಟಿಗೆ ಮಗುಚಿದರೆ ಮೇಲೆ ಕಾಣುತ್ತೆ. ಗೋಡೆಗೆ ಆಸರೆ ಕೊಡದೆ ಅಗೆದ ಹೊಂಡ ಕುಸಿಯೋದು ಸಾಮಾನ್ಯ. ಬಿಟ್ಟುಹೋದ ಹೊಂಡದಲ್ಲಿ ನೀರು ನಿಂತು ಸೊಳ್ಳೆ.

ಸುಮ್ನೆಓದುಗ
ಉತ್ತರ ಕರ್ನಾಟಕದ ತೊಗರಿಯಿಂದ ಮಡಗಾಸ್ಕರ್ ನೀಲದವರೆಗೆ ಬಂದ್ವಿ. ಆನೆ ಎಲ್ರಪ್ಪ?

ಕಾಡಂಚು
ಬಂತು. ಸೆಲೂ ಅಭಯಾರಣ್ಯ ಸುಮಾರು 50,000 ಚದರ ಕಿ.ಮೀ. ಇತ್ತು. 2019ರಲ್ಲಿ ಅದರ ದೊಡ್ಡ ಭಾಗ ನ್ಯೆರೆರೆ ರಾಷ್ಟ್ರೀಯ ಉದ್ಯಾನ ಆಯಿತು, ಉಳಿದದ್ದು ಸೆಲೂ ಹೆಸರಲ್ಲೇ ಇದೆ. ರುವುಮಾ ನದಿಯಾಚೆ ಮೊಜಾಂಬಿಕ್‌ನ ನಿಯಾಸಾ ಅಭಯಾರಣ್ಯ, 42,000 ಚದರ ಕಿ.ಮೀ. ಇವೆರಡರ ನಡುವೆ ಟುಂಡುರು ಮತ್ತು ನಮ್ಟುಂಬೊ ಜಿಲ್ಲೆಗಳ ಮಿಯೋಂಬೊ (ಅಲ್ಲಿಯ ಒಣ ಎಲೆಯುದುರುವ ಕಾಡು) ಪಟ್ಟಿಯೇ ಸೆಲೂ-ನಿಯಾಸಾ ಕಾರಿಡಾರ್. ಉದ್ದ 160ರಿಂದ 180 ಕಿ.ಮೀ. ಇದು ರಾಷ್ಟ್ರೀಯ ಉದ್ಯಾನ ಅಲ್ಲ. ಹಳ್ಳಿಗಳೇ ತಮ್ಮ ಜಮೀನಿನಲ್ಲಿ ಒಂದು ಪಾಲು ಬಿಟ್ಟುಕೊಟ್ಟು ಮಾಡಿರುವ ಸಮುದಾಯ ವನ್ಯಜೀವಿ ಪ್ರದೇಶಗಳು. ಟುಂಡುರುವಿನಲ್ಲಿ ನಲಿಕ, ಚಿಂಗೊಲಿ. ಆನೆ, ಕಾಡೆಮ್ಮೆ, ಸೇಬಲ್ ಜಿಂಕೆ, ಸಿಂಹ, ಆಫ್ರಿಕನ್ ಕಾಡುನಾಯಿ ಎಲ್ಲ ಈ ಪಟ್ಟಿಯಲ್ಲಿ ಓಡಾಡುತ್ತವೆ. ಕಾವಲಿಗೆ ಹಳ್ಳಿಯ ಹುಡುಗರು, ತರಬೇತಿ ನಮ್ಟುಂಬೊದ ಲಿಕುಯು ಸೆಕಮಗಂಗದಲ್ಲಿ.

ಬೇಟೆ ಎಷ್ಟು ಕೆಟ್ಟದಾಗಿತ್ತು ಅಂದರೆ, ಸೆಲೂ-ಮಿಕುಮಿ ಪ್ರದೇಶದ ಆನೆ ಗಣತಿ 2009ರಲ್ಲಿ ಸುಮಾರು 39,000, 2013ರಲ್ಲಿ 13,000. ನಾಲ್ಕು ವರ್ಷದಲ್ಲಿ ಮೂರನೇ ಎರಡು ಭಾಗ ಹೋಯಿತು. 2014ರಲ್ಲಿ ಯುನೆಸ್ಕೊ ಸೆಲೂವನ್ನು ಅಪಾಯದ ಪಟ್ಟಿಗೆ ಸೇರಿಸಿತು.

ಗೇರುಗುಡ್ಡೆ
ಗೇರುತೋಟ ಆನೆಗೆ ಅಡ್ಡಿಯಾ ಇಲ್ವಾ? ಜೋಳ, ಭತ್ತ ತಿಂದ ಹಾಗೆ ಗೇರು ತಿನ್ನುವುದಿಲ್ಲ, ಹಾಗಾಗಿ ಕಾಡಂಚಿಗೆ ಗೇರು ಒಳ್ಳೆಯ ಬೆಳೆ ಅಂತ ವಾದ ಉಂಟು.

ಕಾಡಂಚು
ಅರ್ಧ ನಿಜ. ಆನೆಗೆ ಗೇರುಹಣ್ಣು ಇಷ್ಟ. ಹಣ್ಣಿನ ಕಾಲದಲ್ಲಿ ತೋಟಕ್ಕೆ ಬಂದು ಕೊಂಬೆ ಮುರಿಯುತ್ತೆ. ಆದರೂ ಒಂದೇ ರಾತ್ರಿಯಲ್ಲಿ ವರ್ಷದ ಊಟ ಹೋಗೋದು ಜೋಳ-ಭತ್ತದ ಹೊಲದಲ್ಲಿ.

ದೊಡ್ಡ ತೊಂದರೆ ಬೇರೆ. ಜೋಳದ ಹೊಲ ಮೂರು-ನಾಲ್ಕು ವರ್ಷಕ್ಕೆ ಸತ್ವ ಕಳೆದುಕೊಂಡಾಗ ಬೀಳು ಬಿಡ್ತಾರೆ, ಮಿಯೋಂಬೊ ಮರಗಳು ಬುಡದಿಂದ ಮತ್ತೆ ಚಿಗುರುತ್ತವೆ, ಆನೆ ದಾರಿ ತೆರೆಯುತ್ತೆ. ಗೇರು ಹಾಕಿದರೆ 30-40 ವರ್ಷ ಆ ಜಮೀನು ವಾಪಸ್ ಕಾಡಾಗಲ್ಲ. ಮರ ನೆಟ್ಟವನಿಗೆ ಜಮೀನಿನ ಹಕ್ಕೂ ಗಟ್ಟಿಯಾಗುತ್ತೆ. ಡಾಂಬರು ರಸ್ತೆ ಬದಿಯಲ್ಲಿ ಎರಡೂ ಕಡೆ ಹೀಗೆ ತೋಟ ಎದ್ದರೆ ಉತ್ತರ-ದಕ್ಷಿಣವಾಗಿ ನಡೆಯುವ ಆನೆಗೆ ರಸ್ತೆ ದಾಟುವ ಜಾಗವೇ ಉಳಿಯಲ್ಲ. ಬೆಲೆ ಏರಿದ ಪ್ರತಿ ವರ್ಷವೂ ಹೊಸ ತೋಟ ಬರುತ್ತೆ, ಅದು ಬರೋದು ಕಾಡಿನಿಂದ.

ಗಿಡದಡಾಕ್ಟ್ರು
ಹೊಸ ತೋಟ ಯಾಕೆ ಬೇಕು? ಇರುವ ಹಳೆ ಮರ ಕಡಿದು, ಬುಡದ ಚಿಗುರಿಗೆ ಒಳ್ಳೆ ತಳಿ ಕಸಿ ಕಟ್ಟಿದರೆ ಮೂರನೇ ವರ್ಷಕ್ಕೆ ಫಸಲು. ಅಷ್ಟೇ ಜಾಗದಲ್ಲಿ ಹೆಚ್ಚು ಬೀಜ.

ಕಾಡಂಚು
ತಾಂತ್ರಿಕವಾಗಿ ಸರಿ. ಆದರೆ ರೈತ ಆ ಎರಡು ವರ್ಷ ಆದಾಯ ಬಿಡಬೇಕು. ಕಾಡು ಕಡಿಯೋದಕ್ಕೆ ಬೇಕಾದ್ದು ಕೊಡಲಿ ಮತ್ತು ಬೆಂಕಿ.

ಸಕಲೇಶ್ಪುರಸೈಡು
ಹಾಸನ-ಕೊಡಗಲ್ಲಿ ಕಂದಕ, ರೈಲ್ವೆ ಕಂಬಿ, ಸೋಲಾರ್ ಬೇಲಿ ಎಲ್ಲ ನೋಡಾಯ್ತು. ಅಲ್ಲಿ ಏನ್ ಮಾಡ್ತಾರೆ? ಮೆಣಸಿನ ಬೇಲಿ ಅಂತಾರಲ್ಲ, ಅದು ಕೆಲಸ ಮಾಡುತ್ತಾ?

ಕಾಡಂಚು
ಮಾಡೋ ರೀತಿ ಸರಿ ಇದ್ದರೆ ಮಾಡುತ್ತೆ. ಹೊಲದ ಸುತ್ತ ಗೂಟ ನೆಟ್ಟು ಕತ್ತಾಳೆ ಹಗ್ಗ ಎಳೆಯಬೇಕು, ನಡುನಡುವೆ ಹಳೆ ಬಟ್ಟೆ ತುಂಡು ಕಟ್ಟಬೇಕು. ತೀಕ್ಷ್ಣ ಖಾರದ ಒಣಮೆಣಸು ಕುಟ್ಟಿ ಹಳೆ ಎಂಜಿನ್ ಆಯಿಲ್‌ಗೆ ಕಲಸಿ ಹಗ್ಗಕ್ಕೂ ಬಟ್ಟೆಗೂ ಬಳಿಯಬೇಕು. ಆಯಿಲ್ ಇರೋದು ಮಳೆಗೆ ಮೆಣಸು ತೊಳೆದು ಹೋಗದಿರಲಿ ಅಂತ. ಆದರೂ ದೊಡ್ಡ ಮಳೆ ಆದಮೇಲೆ ಮತ್ತೆ ಬಳಿಯಲೇಬೇಕು, ಬೇಲಿ ಸೋಲೋದು ಇಲ್ಲೇ. ಜೊತೆಗೆ ಮೆಣಸಿನ ಪುಡಿ, ಆನೆ ಲದ್ದಿ ಕಲಸಿ ಇಟ್ಟಿಗೆ ಮಾಡಿ ಒಣಗಿಸಿ, ಗಾಳಿ ಬರುವ ದಿಕ್ಕಿನಲ್ಲಿ ರಾತ್ರಿ ಹೊಗೆ ಹಾಕ್ತಾರೆ. ಒಬ್ಬನ ಹೊಲಕ್ಕೆ ಮಾತ್ರ ಬೇಲಿ ಹಾಕಿದರೆ ಆನೆ ಪಕ್ಕದವನ ಹೊಲಕ್ಕೆ ಹೋಗುತ್ತೆ. ಇಡೀ ಸಾಲು ಸೇರಿ ಮಾಡಬೇಕು.

ಜೇನುಪೆಟ್ಟಿಗೆ ಬೇಲಿ ಕೀನ್ಯಾದಲ್ಲಿ ಬೆಳೆದ ಪದ್ಧತಿ. ಸುಮಾರು 10 ಮೀಟರಿಗೊಂದು ಪೆಟ್ಟಿಗೆ, ನಡುವೆ ತಂತಿ. ಆನೆ ತಂತಿಗೆ ತಾಗಿದರೆ ಪೆಟ್ಟಿಗೆ ಅಲುಗಿ ಜೇನು ಏಳುತ್ತೆ. 2021ರಲ್ಲಿ ಖಾದಿ ಆಯೋಗದವರು ಕೊಡಗಿನ ಚೇಲೂರಿನಲ್ಲಿ ಶುರು ಮಾಡಿದ್ದೂ ಇದೇ ಉಪಾಯ. ಆದರೆ ಆಫ್ರಿಕಾದ ಜೇನು ನಮ್ಮ ತುಡುವೆಗಿಂತ ಬಹಳ ಸಿಟ್ಟಿನದು, ಫಲಿತಾಂಶ ಹಾಗೇ ಹೋಲಿಸಬೇಡಿ. ಒಣಗಾಲದಲ್ಲಿ ಜೇನು ಗೂಡು ಬಿಟ್ಟು ಹೋಗದ ಹಾಗೆ ಪೆಟ್ಟಿಗೆಗೆ ನೆರಳು, ಹತ್ತಿರ ನೀರು ಬೇಕು. ಖಾಲಿ ಪೆಟ್ಟಿಗೆಗೆ ಆನೆ ಹೆದರಲ್ಲ.

ಸಕಲೇಶ್ಪುರಸೈಡು
ಪರಿಹಾರ ಎಷ್ಟು ಕೊಡ್ತಾರೆ?

ಕಾಡಂಚು
ಕಾನೂನಿನಲ್ಲಿ ಅದು ಪರಿಹಾರವೇ ಅಲ್ಲ, ಸಾಂತ್ವನ ಹಣ. 2011ರ ನಿಯಮದಲ್ಲಿ ಸಾವಿಗೆ 10 ಲಕ್ಷ ಶಿಲ್ಲಿಂಗ್ ಇತ್ತು. ಅಷ್ಟು ದೊಡ್ಡ ಸಂಖ್ಯೆ ನೋಡಿ ಬೆರಗಾಗಬೇಡಿ, ನಮ್ಮ ರೂಪಾಯಿಯಲ್ಲಿ ಲಕ್ಷವೂ ಆಗಲ್ಲ. ಬೆಳೆಗೆ ಅದೇ ನಿಯಮದಲ್ಲಿ ದೂರದ ಲೆಕ್ಕ ಇತ್ತು: ಸಂರಕ್ಷಿತ ಗಡಿಯಿಂದ 500 ಮೀಟರ್ ಒಳಗಿನ ಹೊಲಕ್ಕೆ ಏನೂ ಇಲ್ಲ, ಅದರಾಚೆ ದೂರ ಹೆಚ್ಚಿದಂತೆ ಎಕರೆಗೆ 25 ಸಾವಿರದಿಂದ 1 ಲಕ್ಷ ಶಿಲ್ಲಿಂಗ್. 5 ಎಕರೆಗಿಂತ ಮೇಲೆ ಕೊಡ್ತಿರಲಿಲ್ಲ. ಗಡಿಗೆ ಅಂಟಿಕೊಂಡು ಉತ್ತವನಿಗೆ ಸೊನ್ನೆ ಅನ್ನೋದರ ಹಿಂದೆ ಒಂದು ತರ್ಕ ಇದೆ, ನನಗದು ಸರಿ ಅನ್ನಿಸುತ್ತೆ.

ಸಕಲೇಶ್ಪುರಸೈಡು
ಏನ್ ಸರಿ? ಗಡಿ ಗೆರೆ ಎಳೆದೋರು ಯಾರು, ಮೊದಲಿಂದ ಇದ್ದೋರು ಯಾರು ಅಂತ ನೋಡಬೇಡ್ವಾ?

ಸುಮ್ನೆಓದುಗ
ನರಭಕ್ಷಕ ಸಿಂಹ ಇದೇ ಜಾಗದ್ದಲ್ವಾ? ರೈಲ್ವೆ ಕೂಲಿಗಳನ್ನ ತಿಂದಿದ್ದು?

ನಕ್ಷೆನೋಟ
ಅಲ್ಲ. ಅದು ಸಾವೊ, ಕೀನ್ಯಾ, 1898. ಇಲ್ಲಿಂದ ಎಷ್ಟೋ ದೂರ. ಇಲ್ಲಿ ರೈಲೇ ಇಲ್ಲ.

ಕಾಡಂಚು
ಆದರೆ ಟುಂಡುರುವಿಗೂ ಅಂಥದ್ದೇ ಇತಿಹಾಸ ಇದೆ. 1986ರ ಸುಮಾರಿಗೆ ಈ ಜಿಲ್ಲೆಯಲ್ಲಿ ಸಿಂಹಗಳು 40ಕ್ಕೂ ಹೆಚ್ಚು ಜನರನ್ನು ಕೊಂದವು. ಇಡೀ ಟಾಂಜಾನಿಯಾದಲ್ಲಿ 1990ರಿಂದ 2004ರವರೆಗೆ 563 ಸಾವು, 308 ಜನರಿಗೆ ಗಾಯ ಅಂತ 2005ರ ಅಧ್ಯಯನ ಲೆಕ್ಕ ಕೊಟ್ಟಿದೆ. ಹೆಚ್ಚಿನವು ಆಗ್ನೇಯ ಭಾಗದವು.

ಕಾರಣ ಕಾಡುಹಂದಿ. ಹುಲ್ಲೆ, ಜೀಬ್ರಾ ಕಡಿಮೆಯಾದ ಹಳ್ಳಿ ಅಂಚಿನಲ್ಲಿ ಸಿಂಹಕ್ಕೆ ಉಳಿಯೋದು ಕಾಡುಹಂದಿ. ಹಂದಿ ಬರೋದು ಜೋಳ-ಮರಗೆಣಸಿನ ಹೊಲಕ್ಕೆ, ಹಂದಿ ಹಿಂದೆ ಸಿಂಹ. ಹಂದಿ ಕಾಯೋಕೆ ರೈತ ಮಲಗೋದು ಹೊಲದ ನಡುವಿನ ಹುಲ್ಲಿನ ಗುಡಿಸಲಲ್ಲಿ. ಮಾರ್ಚ್-ಮೇ ಕೊಯ್ಲಿನ ತಿಂಗಳಲ್ಲೇ ದಾಳಿ ಹೆಚ್ಚು. ಹಂದಿ ತಡೆಯುವ ಆಳದ ಚರಂಡಿ ಅಥವಾ ಗಟ್ಟಿ ಬೇಲಿ ಇದ್ದರೆ ಹೊಲದಲ್ಲಿ ಮಲಗೋ ಅಗತ್ಯವೇ ಬೀಳಲ್ಲ. ಇನ್ನೊಂದು: ಹುಣ್ಣಿಮೆ ಕಳೆದ ಮೇಲಿನ ಹತ್ತು ದಿನ, ಸೂರ್ಯ ಮುಳುಗಿ ಚಂದ್ರ ಏಳುವ ನಡುವಿನ ಕತ್ತಲೆ ಗಂಟೆಗಳು ಅತಿ ಅಪಾಯ. ಬೆಳದಿಂಗಳಲ್ಲಿ ಬೇಟೆ ಸರಿಯಾಗಿ ಸಿಗದೆ ಸಿಂಹ ಹಸಿದಿರುತ್ತೆ. ನೀರಿಗೆ, ಬಯಲಿಗೆ ಆ ಹೊತ್ತಿನಲ್ಲಿ ಒಬ್ಬರೇ ಹೋಗಬಾರದು ಅನ್ನೋದು ಅಲ್ಲಿಯ ಹಳ್ಳಿಗಳಿಗೆ ಕೊಡುವ ಸಲಹೆ.

ತೊಗರಿಕಣಜ
ದನ ಇಲ್ಲೇನ್ರಿ ಅಲ್ಲಿ? ಸಿಂಹಕ್ಕ ದನ ಸಿಗಂಗಿಲ್ಲೇನು?

ಗಿಡದಡಾಕ್ಟ್ರು
ಕಡಿಮೆ. ಮಿಯೋಂಬೊ ತುಂಬ ಸೆಟ್‌ಸೆ ನೊಣ. ದನಕ್ಕೆ ನಗಾನ ರೋಗ ತರುತ್ತೆ: ಜ್ವರ, ರಕ್ತಹೀನತೆ, ಬಡಕಲು, ಸಾವು. ಯಾವೊ ರೈತರು ಕೋಳಿ, ಮೇಕೆ ಇಟ್ಟುಕೊಂಡರು, ಉಳುಮೆ ಗುದ್ದಲಿಯಲ್ಲೇ. ದನದ ಗೊಬ್ಬರ ಇಲ್ಲದ್ದೂ ಹೊಲ ಬೇಗ ಸವೆಯೋಕೆ ಒಂದು ಕಾರಣ.

ಈಗ ಬದಲಾಗ್ತಿದೆ. 2006-07ರಲ್ಲಿ ದೇಶದ ನೈಋತ್ಯದ ಉಸಂಗು ತೇವಭೂಮಿಯಿಂದ ಹೊರಹಾಕಿದ ಸುಕುಮಾ ಮುಂತಾದ ದನಗಾಹಿಗಳು ದಕ್ಷಿಣಕ್ಕೆ ಬಂದರು, ಟುಂಡುರುವಿಗೂ ತಲುಪಿದ್ದಾರೆ. ಡಿಮಿನಜೀನ್ ಚಿಕಿತ್ಸೆಗೆ, ಐಸೊಮೆಟಮಿಡಿಯಂ ಮೂರು ತಿಂಗಳ ಮುಂಜಾಗ್ರತೆಗೆ ಕೊಟ್ಟು ದನ ಉಳಿಸಿಕೊಳ್ತಾರೆ. ಡೋಸ್ ಕಡಿಮೆ ಕೊಟ್ಟರೆ ರೋಗಾಣುವಿಗೆ ಔಷಧಿಯೇ ನಾಟದಂತಾಗುತ್ತೆ. ಎಳೆ ಗೇರುಗಿಡ ದನದ ಬಾಯಿಗೆ, ತುಳಿತಕ್ಕೆ ಹೋಗುತ್ತೆ. ಜಗಳ ಈಗ ಅಲ್ಲಿಂದ ಶುರು.

ದಾರ್‌ಕನ್ನಡಿಗ
ಆ ಕಡೆ ಹೋಗೋರಿಗೆ: ಕಡುನೀಲಿ, ಕಪ್ಪು ಬಟ್ಟೆ ಬೇಡ. ಸೆಟ್‌ಸೆ ಬಲೆಗಳನ್ನು ಆ ಎರಡು ಬಣ್ಣದ ಬಟ್ಟೆಯಲ್ಲೇ ಮಾಡೋದು.

ಸುಮ್ನೆಓದುಗ
ಜೀನ್ಸ್ ಹಾಕ್ಕೊಂಡ್ರೆ?

ದಾರ್‌ಕನ್ನಡಿಗ
ಜೀನ್ಸ್ ಮೇಲಿಂದಲೇ ಚುಚ್ಚುತ್ತೆ. ಖಾಕಿ ದಪ್ಪ ಬಟ್ಟೆ, ಗಾಡಿ ಕಿಟಕಿ ಮುಚ್ಚಿ. ಓಡುವ ಗಾಡಿಯ ಹಿಂದೆಯೇ ಬರುತ್ತವೆ.

ಗೇರುಗುಡ್ಡೆ
ಒಂದು ಉಳಿಯಿತು. ಅಲ್ಲಿಯೇ ಸಂಸ್ಕರಣೆ ಮಾಡಿದರೆ ನಮ್ಮ ಫ್ಯಾಕ್ಟರಿಗಳಿಗೆ ಬೀಜ ಎಲ್ಲಿಂದ?

ಕುಡ್ಲಕಟಿಂಗ್
70-80ರ ದಶಕದಲ್ಲಿ ಸಾಲ ತಂದು ದೊಡ್ಡ ಯಂತ್ರದ ಫ್ಯಾಕ್ಟರಿ ಕಟ್ಟಿದರು. ಯಂತ್ರ ಒಡೆಯುವಾಗ ತಿರುಳು ಚೂರು, ಅದೇ ಹೊತ್ತಿಗೆ ಬೀಜವೂ ಇಲ್ಲ. ಎಷ್ಟೋ ಕಟ್ಟಡ ಗೋದಾಮಾಗಿ ಉಳಿದವು. ಈಗ ಟುಂಡುರುವಿನಲ್ಲೂ ಸಂಸ್ಕರಣೆ ನಡೀತಿದೆ, ಆದರೂ ದೇಶದ ಬೆಳೆಯ ಹೆಚ್ಚಿನ ಪಾಲು ಕಚ್ಚಾ ರೂಪದಲ್ಲೇ ಹೊರಗೆ ಹೋಗುವುದು. ಫ್ಯಾಕ್ಟರಿಯವ ಮೂರು ತಿಂಗಳಲ್ಲಿ ಇಡೀ ವರ್ಷದ ಬೀಜ ನಗದು ಕೊಟ್ಟು ಕೊಂಡು ಇಡಬೇಕು. ಅಲ್ಲಿಯ ಬಡ್ಡಿಯಲ್ಲಿ ಅಷ್ಟು ಬಂಡವಾಳ ಕಟ್ಟಿ ಹಾಕುವುದು ಕಷ್ಟ. ಹರಾಜಿನಲ್ಲಿ ವಿಯೆಟ್ನಾಮಿನವರ ಜೊತೆ ಪೈಪೋಟಿ ಬೇರೆ.

ನೀವು ಈ ಸಲ ಕೊಳ್ಳುವುದಿದ್ದರೆ ಟುಂಡುರುವಿನ ಮೊದಲ ಎರಡು-ಮೂರು ಹರಾಜಿನ ಲಾಟು ನೋಡಿ. ಗೋದಾಮಿನ ಪಟ್ಟಿಯ ಔಟ್‌ಟರ್ನ್ ನಂಬಿ ಬಿಡ್ ಹಾಕಬೇಡಿ, ಲೋಡ್ ಮಾಡುವ ದಿನ ಸ್ವತಂತ್ರ ಸರ್ವೇಯರ್‌ರಿಂದ ಮತ್ತೊಮ್ಮೆ ಕಟಿಂಗ್ ಮಾಡಿಸಿ. 48ಕ್ಕಿಂತ ಕೆಳಗೆ ಬಂದರೆ ಪೌಂಡಿಗೆ ಇಷ್ಟು ಕಡಿತ, 46ಕ್ಕಿಂತ ಕೆಳಗೆ ಬಂದರೆ ತಿರಸ್ಕಾರ ಅಂತ ಕರಾರಿನಲ್ಲೇ ಬರೆಸಿ.

ಗೇರುಗುಡ್ಡೆ
ಬರೆಸ್ತೇನೆ. ತೇವದ ಮಿತಿಯನ್ನೂ ಅದರಲ್ಲೇ ಹಾಕಿಸಬಹುದಾ?

ಕುಡ್ಲಕಟಿಂಗ್
ಹಾಕಿಸಿ, ಶೇ. 10 ಗರಿಷ್ಠ. ಅಳೆಯುವ ಮೀಟರ್ ಯಾರದ್ದು ಅನ್ನುವುದನ್ನೂ ಬರೆಸಿ. ಇಲ್ಲದಿದ್ದರೆ ಅವರ ಮೀಟರ್ 9 ತೋರಿಸ್ತದೆ, ನಿಮ್ಮದು 11.